ಲೊಂಬಾರ್ಡಿನಲ್ಲಿ ಡೆನೀಸ್ ಆಡಲಿಲ್ಲ

ನನ್ನ ಪಕ್ಕದ ಕುರ್ಚಿಯಲ್ಲಿದ್ದ ಬಿಳಿಯ ಗಂಡಸು ಇದ್ದಕ್ಕಿದ್ದಂತೆ ಎದ್ದು, ಮುಂದಿನ ಸಾಲಿನಲ್ಲಿದ್ದ ಕಪ್ಪು ಗಂಡಸನ್ನು ಬಾಚಿ ತಬ್ಬಿಕೊಂಡು ಅಳತೊಡಗಿದ. ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಇಬ್ಬರೂ ಒಂದೇ ನೀಲಿ ಅಂಗಿ ತೊಟ್ಟಿದ್ದರು, ಇಬ್ಬರ ಕೈಯಲ್ಲೂ ಬಿಯರ್ ಇತ್ತು, ಡೆಟ್ರಾಯ್ಟಿನ ಫುಟ್‌ಬಾಲ್ ತಂಡ ಕೊನೆಯ ನಿಮಿಷದಲ್ಲಿ ಗೆದ್ದಿತ್ತು. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಕಾಲಿಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ನಾನು ಅಮೆರಿಕಕ್ಕೆ ಬಂದು ಮೂರು ವಾರವಾಗಿತ್ತು. ಗಂಡನ ಆಫೀಸಿನವರು ಕೊಟ್ಟ ಟಿಕೆಟ್ಟಿನಲ್ಲಿ ಹೋಗಿದ್ದೆವು. ಆಹಾ, ದೇಶ ಅಂದರೆ ಇದಪ್ಪಾ ಎಂದು ನನ್ನ ಕಣ್ಣೂ ಒದ್ದೆಯಾಯಿತು. ಆ ದಡ್ಡತನವನ್ನು ಈಗ ನೆನೆದರೆ ನಗು ಬರುತ್ತದೆ.

ಅರ್ಧ ಗಂಟೆ ಕಳೆದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಅದೇ ಬಿಳಿಯ ಗಂಡಸು ಮತ್ತೆ ಸಿಕ್ಕಿದ. ಅವನ ಕಾರು ನಮ್ಮ ಕಾರಿನ ಪಕ್ಕದಲ್ಲೇ ನಿಂತಿತ್ತು. ಒಳಗೆ ಕೂತ ತಕ್ಷಣ ಬಾಗಿಲುಗಳೆಲ್ಲ ಟಕ್ ಎಂದು ಲಾಕ್ ಆದವು. ಆಮೇಲೆ ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿ, ಪಾಪ, ನಮಗೂ ಬುದ್ಧಿ ಹೇಳಿದ: ಸೀದಾ ಹೈವೇ ಹಿಡಿಯಿರಿ, ಒಳರಸ್ತೆಗೆ ಹೋಗಬೇಡಿ, ಈ ಏರಿಯಾದ ಜನ ಸರಿಯಿಲ್ಲ. ಆ ಏರಿಯಾದ ಜನರಲ್ಲಿ ಒಬ್ಬನ ಹೆಗಲ ಮೇಲೆ ಅವನು ಆಗ ತಾನೇ ಅತ್ತು ಬಂದಿದ್ದ.

ಕ್ರೀಡೆ ಒಡೆದ ದೇಶವನ್ನು ಒಂದುಗೂಡಿಸುತ್ತದೆ ಎಂದು ನೀವು ಅಲ್ಲಿ ಪೇಪರಿನಲ್ಲಿ ಓದುತ್ತೀರಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಕೇಳುತ್ತೀರಿ. ಕೇಳಿ, ಕೇಳುವುದಕ್ಕೇನೂ ಖರ್ಚಿಲ್ಲ. ನಾನು ಇಲ್ಲಿ ಆರು ವರ್ಷ ಕಂಡದ್ದನ್ನು ಹೇಳುತ್ತೇನೆ. ನಾನು ಯಾರನ್ನು ಬೈಯುತ್ತಿದ್ದೇನೆಂದು ಕೊನೆಯಲ್ಲಿ ನೀವೇ ತೀರ್ಮಾನಿಸಿ.

ನಾವು ಡೆಟ್ರಾಯ್ಟಿನ ಪಶ್ಚಿಮಕ್ಕಿರುವ ಲಿವೋನಿಯಾದಲ್ಲಿ ಮನೆ ಮಾಡಿದೆವು. ಇಟ್ಟಿಗೆಯ ಪುಟ್ಟ ಮನೆ, ಮುಂದೆ ಹುಲ್ಲು, ಹಿಂದೆ ಹುಲ್ಲು. ತುಮಕೂರಿನಲ್ಲಿ ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರು ಮನೆಯವರು ಸಾರಿಗೆ ಒಗ್ಗರಣೆ ಹಾಕಿದರೋ ಪಲ್ಯಕ್ಕೋ ಎಂದು ಹೇಳಿಬಿಡಬಹುದಿತ್ತು. ಇಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯಲು ಏಳು ತಿಂಗಳು ಬೇಕಾಯಿತು, ಅದೂ ಅವರ ಪಾರ್ಸೆಲ್ ತಪ್ಪಿ ನಮ್ಮ ಬಾಗಿಲಿಗೆ ಬಂದದ್ದರಿಂದ. ‘ಹೌ ಆರ್ ಯೂ’ ಎಂದು ಕೇಳಿದವರಿಗೆ ನಾನು ನಿಂತು, ಶೀತ ಇನ್ನೂ ಬಿಟ್ಟಿಲ್ಲ ಎಂದು ಶುರು ಮಾಡುವಷ್ಟರಲ್ಲಿ ಅವರು ಎರಡು ಮನೆ ದಾಟಿರುತ್ತಿದ್ದರು. ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಸೋಫಾದಲ್ಲಿ ಕೂತು ಸುಮ್ಮನೆ ಅತ್ತದ್ದೂ ಉಂಟು. ಕಾರಣವೇನೆಂದು ಗಂಡ ಕೇಳಿದರೆ ಹೇಳಲು ನನಗೇ ಗೊತ್ತಾಗುತ್ತಿರಲಿಲ್ಲ.

ಆಗ ಕೈ ಹಿಡಿದವಳು ಪ್ರಭಾ. ಮೈಸೂರಿನವಳು, ನಮ್ಮಿಂದ ಮುಕ್ಕಾಲು ಗಂಟೆ ದೂರದ ರಾಚೆಸ್ಟರ್ ಹಿಲ್ಸ್‌ನಲ್ಲಿ ಇದ್ದಾಳೆ. ಕರಿಬೇವು ಎಲ್ಲಿ ಸಿಗುತ್ತದೆ ಎನ್ನುವುದರಿಂದ ಹಿಡಿದು ಹಿಮದಲ್ಲಿ ಬ್ರೇಕ್ ಹೇಗೆ ಒತ್ತಬೇಕು ಎನ್ನುವವರೆಗೆ ಎಲ್ಲ ಕಲಿಸಿದಳು. ಜೊತೆಗೆ ಒಂದು ಲಕ್ಷ್ಮಣರೇಖೆಯನ್ನೂ ಎಳೆದುಕೊಟ್ಟಳು. ‘ನಾವು ಎಯ್ಟ್ ಮೈಲ್ ರೋಡ್ ದಾಟಿ ಕೆಳಗಡೆ ಹೋಗಲ್ಲ. ನಿಂಗೆ ಟೆಲಿಗ್ರಾಫ್ ರೋಡ್ ಅಂತ ಇಟ್ಕೋ, ಅದ್ರಾಚೆ ಬೇಡ. ಆ ಜನ ಜಾಸ್ತಿ.’ ಎರಡೂ ಡೆಟ್ರಾಯ್ಟ್ ಊರಿನ ಅಂಚಿನ ರಸ್ತೆಗಳು, ಆಚೆ ಇರುವವರು ಹೆಚ್ಚಾಗಿ ಕಪ್ಪು ಜನ. ‘ಆ ಜನ’ ಎನ್ನುವಾಗ ದನಿ ತಗ್ಗಿಸಿದಳು. ನಾವಿದ್ದದ್ದು ಅವಳದೇ ಅಡುಗೆಮನೆಯಲ್ಲಿ, ಮಾತಾಡುತ್ತಿದ್ದದ್ದು ಕನ್ನಡದಲ್ಲಿ, ಸುತ್ತ ಕಾಲು ಮೈಲಿಯೊಳಗೆ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಆದರೂ ದನಿ ತಗ್ಗಿಸಿದಳು. ನಾನೂ ತಗ್ಗಿದ ದನಿಯಲ್ಲೇ ಹೂಂ ಎಂದೆ.

ಮೂರನೆಯ ವರ್ಷ ಕೆಲಸ ಮಾಡಲು ಪರ್ಮಿಟ್ ಬಂತು. ತುಮಕೂರಿನ ಎಂ.ಕಾಂ. ಇಲ್ಲಿ ಯಾರಿಗೂ ಬೇಡವಾಗಿತ್ತು. ನಾನು ಶಾಲೆಯೊಂದರ ಅಡುಗೆಮನೆಗೆ ಸೇರಿದೆ. ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ. ಇಲ್ಲಿನ ಕನ್ನಡ ಸಂಘದ ಹೆಂಗಸರು ‘ಅಯ್ಯೋ, ಅಲ್ಲಾ?’ ಎಂದರು. ನಮ್ಮವರಿಗೆ ಬಿಸಿಯೂಟ ಬಡಿಸುವುದು ಪುಣ್ಯದ ಕೆಲಸ, ಅದಕ್ಕೆ ಸಂಬಳ ತೆಗೆದುಕೊಂಡರೆ ಮರ್ಯಾದೆ ಕಡಿಮೆ.

ಆ ಅಡುಗೆಮನೆಯ ಮೇಲ್ವಿಚಾರಕಿ ಡೆನೀಸ್. ಕಪ್ಪು ಹೆಂಗಸು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು, ಹುಟ್ಟಿ ಬೆಳೆದದ್ದೆಲ್ಲ ಡೆಟ್ರಾಯ್ಟ್ ಊರೊಳಗೆ. ಪ್ರತಿದಿನ ನಾನು ದಾಟಬಾರದ ಟೆಲಿಗ್ರಾಫ್ ರಸ್ತೆಯನ್ನು ದಾಟಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಕೋಳಿ ಬೆಂದಿದೆಯೇ ಎಂದು ನೋಡಲು ಇಲ್ಲಿ ಅದರೊಳಗೆ ಉಷ್ಣಮಾಪಕದ ಕಡ್ಡಿ ಚುಚ್ಚಬೇಕು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಮೊದಲ ದಿನ ಕಣ್ಣು ಮುಚ್ಚಿಕೊಂಡು ಚುಚ್ಚಿದೆ. ಅವಳು ಬಿದ್ದು ಬಿದ್ದು ನಕ್ಕಳು. ಮಾರನೆಯ ದಿನದಿಂದ ಯಾರಿಗೂ ಹೇಳದೆ ಕೋಳಿಯ ಕೆಲಸವನ್ನು ತಾನೇ ಇಟ್ಟುಕೊಂಡು ನನ್ನನ್ನು ಹುರುಳಿಕಾಯಿ ಕಡೆ ಹಾಕಿದಳು. ನಾನು ಕೇಳಿರಲಿಲ್ಲ. ಇಲ್ಲಿಗೆ ಬಂದ ಮೇಲೆ, ನಾನು ಬಾಯಿಬಿಟ್ಟು ಹೇಳದೆಯೇ ನನ್ನ ಕಷ್ಟ ಅರ್ಥ ಮಾಡಿಕೊಂಡ ಮೊದಲ ಹೊರಗಿನ ಜೀವ ಅವಳು.

ನನ್ನ ಬೆರಳಿಗೆ ಸುತ್ತಿದ್ದ ಪಟ್ಟಿ ನೋಡಿ ಒಂದು ದಿನ ಏನಾಯಿತೆಂದು ಕೇಳಿದಳು. ಥ್ರೋಬಾಲ್ ಎಂದೆ. ನಿಮಗೆ ಗೊತ್ತಿರುವ ಆಟವೇ. ವಾಲಿಬಾಲಿನ ನೆಟ್ಟು, ಆದರೆ ಚೆಂಡನ್ನು ಹೊಡೆಯುವಂತಿಲ್ಲ, ಹಿಡಿದು ಮೂರು ಸೆಕೆಂಡಿನೊಳಗೆ ಒಂದು ಕೈಯಲ್ಲಿ ಎಸೆಯಬೇಕು. ಹೈಸ್ಕೂಲಿನಲ್ಲಿ ಹುಡುಗಿಯರು ಆಡುವುದನ್ನು ನೀವೆಲ್ಲ ಕಾಂಪೌಂಡಿನಾಚೆಯಿಂದ ನೋಡಿದ್ದೀರಿ, ಆಟವೆಂದು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಅಮೆರಿಕದ ನಮ್ಮ ಹೆಂಗಸರು ಅದನ್ನು ಪ್ರಾಣದಂತೆ ಆಡುತ್ತಾರೆ. ನಾನು ಕಾಲೇಜಿನಲ್ಲಿ ತಂಡದ ಕ್ಯಾಪ್ಟನ್ ಆಗಿದ್ದವಳು, ಇಲ್ಲೂ ಅದೇ ಆದೆ. ಮಂಗಳವಾರ ಸಂಜೆ ಲಿವೋನಿಯಾದಲ್ಲಿ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಅಭ್ಯಾಸ. ಡೆನೀಸ್ ನೋಡಲು ಬಂದಳು, ಎರಡನೆಯ ವಾರ ಶೂ ತಂದಳು.

ಶಾಲೆಯಲ್ಲಿ ವಾಲಿಬಾಲ್ ಆಡಿದ್ದವಳು, ಮೊದಮೊದಲು ಬಂದ ಚೆಂಡನ್ನೆಲ್ಲ ಹೊಡೆಯುತ್ತಿದ್ದಳು. ತಿಂಗಳು ಕಳೆಯುವುದರೊಳಗೆ ನಮ್ಮಲ್ಲಿ ಅವಳಷ್ಟು ಚೆನ್ನಾಗಿ ಹಿಡಿಯುವವರು ಇರಲಿಲ್ಲ. ಇಬ್ಬರು ಒಂದೇ ಚೆಂಡಿಗೆ ಹೋಗಬಾರದೆಂದು ನಾವು ‘ನಂದು!’ ಎಂದು ಕೂಗುವುದು ವಾಡಿಕೆ; ಅವಳೂ ಹಾಗೇ ಕೂಗುತ್ತಿದ್ದಳು, ಇಡೀ ಹಾಲ್ ಗಡಗಡ ಎನ್ನುವಂತೆ. ಒಂದು ಮಂಗಳವಾರ ಅವಳ ಕಾರು ಸ್ಟಾರ್ಟ್ ಆಗಲಿಲ್ಲ. ಅವಳನ್ನು ಮನೆಗೆ ಯಾರು ಬಿಟ್ಟು ಬಂದರು ಗೊತ್ತೇ? ನಮ್ಮ ತಂಡದಲ್ಲೇ ಆಡುತ್ತಿದ್ದ ಪ್ರಭಾ. ಮಾರನೆಯ ದಿನ ನನಗೆ ಫೋನ್ ಮಾಡಿ, ‘ಅವಳ ಮನೆ ಮುಂದೆ ಗುಲಾಬಿ ಗಿಡ ಇದೆ ಕಣೇ’ ಎಂದಳು, ಚಂದ್ರನ ಮೇಲೆ ಕಂಡು ಬಂದವಳ ಹಾಗೆ. ಅಷ್ಟು ವರ್ಷ ಮಿಷಿಗನ್ನಿನಲ್ಲಿದ್ದು ಅವಳಿಗೆ ಆ ಗುಲಾಬಿ ಕಾಣಲು ಒಂದು ಚೆಂಡು ಬೇಕಾಯಿತು. ಆದರೂ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಮೇ ತಿಂಗಳಿನಲ್ಲಿ ಷಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ಪಂದ್ಯಾವಳಿ. ನಡೆಸುವ ಸಂಘದ ಹೆಸರು ಬೇಡ. ಅದರ ಹಿರಿಯರು ಶ್ರೀಕಂಠ ಅಂಕಲ್, ಮೂವತ್ತು ವರ್ಷದಿಂದ ಇಲ್ಲಿರುವವರು, ಎಲ್ಲರ ಮದುವೆ ಮುಂಜಿಗೂ ಮುಂದೆ ನಿಲ್ಲುವವರು. ಅವರು ಕಳಿಸಿದ ಫಾರಮಿನಲ್ಲಿ ಪ್ರತಿಯೊಬ್ಬ ಆಟಗಾರ್ತಿಯ ಹೆಸರಿನ ಮುಂದೆ ‘ಊರು’ ಎಂಬ ಕಾಲಂ ಇತ್ತು. ಮೈಸೂರು, ಹಾಸನ, ಧಾರವಾಡ ಎಂದು ತುಂಬುತ್ತ ಹೋಗಿ, ಡೆನೀಸ್ ಮುಂದೆ ಡೆಟ್ರಾಯ್ಟ್ ಎಂದು ಬರೆದೆ. ಒಂಬತ್ತು ಜನರಲ್ಲಿ ತಾನಿರುವ ಜಾಗವೇ ತನ್ನ ಊರೂ ಆಗಿದ್ದವಳು ಅವಳೊಬ್ಬಳೇ. ಫಾರಮಿನ ಕೊನೆಯಲ್ಲಿ ಒಂದು ನಿಯಮವಿತ್ತು: ಆಟಗಾರ್ತಿಯ ಅಥವಾ ಅವಳ ಗಂಡನ ಮೂಲ ಕರ್ನಾಟಕದ್ದಾಗಿರಬೇಕು.

ನಾನು ಅದನ್ನು ಓದಿದೆ. ಕಣ್ತಪ್ಪಿತು ಎನ್ನುವ ನೆಪ ನನಗಿಲ್ಲ. ಓದಿ, ಅಂಕಲ್ ಏನಾದರೂ ಅಡ್ಜಸ್ಟ್ ಮಾಡುತ್ತಾರೆ ಬಿಡು ಎಂದುಕೊಂಡು ಕಳಿಸಿಬಿಟ್ಟೆ. ನಾವು ಬೆಳೆದದ್ದೇ ಹಾಗಲ್ಲವೇ? ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು, ಹಾಲ್ ಟಿಕೆಟ್ ಮರೆತರೂ ಒಳಗೆ ಬಿಡುವ ಮೇಷ್ಟರು, ಛತ್ರದಲ್ಲಿ ಎಲೆ ಮುಗಿದರೆ ಇನ್ನೊಂದು ಪಂಕ್ತಿ. ನಿಯಮ ಇರುವುದು ಇರುತ್ತದೆ, ಎದುರು ಹೋಗಿ ನಿಂತು ಹಲ್ಲು ಕಿರಿದರೆ ಆಗುತ್ತದೆ. ಡೆನೀಸ್‌ಗೆ ಈ ವಿಷಯ ಹೇಳಲಿಲ್ಲ. ಹೇಳಿ ಅವಳ ಮನಸ್ಸು ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪ್ರಭಾಳ ದೊಡ್ಡ ವ್ಯಾನಿನಲ್ಲಿ ಐದು ಜನ, ಉಳಿದವರು ಇನ್ನೊಂದು ಕಾರಿನಲ್ಲಿ, ಸುಮಾರು ಮುನ್ನೂರು ಮೈಲಿ. ಚಿತ್ರಾನ್ನದ ಡಬ್ಬಿ ಡೆನೀಸ್ ತೊಡೆಯ ಮೇಲಿತ್ತು. ಷಿಕಾಗೋ ಕಡೆ ಗಡಿಯಾರ ಒಂದು ಗಂಟೆ ಹಿಂದೆ, ಹಾಗಾಗಿ ಬೇಗ ತಲುಪಿದ ಹಾಗೆ ಅನ್ನಿಸಿತು. ಸಭಾಂಗಣದ ತುಂಬ ಬಾಳೆಕಂದು, ಮಾವಿನ ತೋರಣ, ವೇದಿಕೆಯ ಮೇಲೆ ‘ಕ್ರೀಡೆಗೆ ಗಡಿಯಿಲ್ಲ’ ಎಂಬ ಬ್ಯಾನರು. ಲೊಂಬಾರ್ಡ್ ಊರಾಡಳಿತದ ಪರವಾಗಿ ಬಂದಿದ್ದ ಬಿಳಿಯ ಅತಿಥಿಗೆ ಪೇಟ ತೊಡಿಸಿದರು. ಅಂಕಲ್ ಭಾಷಣ ಮಾಡಿದರು. ದೂರದ ಯಾವುದೋ ದೇಶದಲ್ಲಿ ಒಂದೇ ಒಂದು ಪಂದ್ಯ ಕಪ್ಪು ಬಿಳಿಯರನ್ನು ಹೇಗೆ ಒಂದು ಮಾಡಿತು ಎಂದು ಹೇಳುತ್ತ ಅವರ ಕಂಠ ಗದ್ಗದವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಡೆನೀಸ್ ಕೂಡ. ವೇದಿಕೆಯಿಂದ ಇಳಿದ ಅಂಕಲ್ ಸೀದಾ ನನ್ನ ಹತ್ತಿರ ಬಂದು ಬದಿಗೆ ಕರೆದರು.

‘ಗೀತಾ, ನಂಗೇನೂ ಇಲ್ಲಮ್ಮ. ಆದ್ರೆ ಇವತ್ತು ಒಬ್ರನ್ನ ಬಿಟ್ರೆ ನಾಳೆ ಎಲ್ರೂ ಬರ್ತಾರೆ. ಇದು ನಮ್ಮ ಹೆಣ್ಮಕ್ಕಳಿಗೋಸ್ಕರ ಮಾಡಿರೋದು.’

ಪಕ್ಕದ ಅಂಕಣದಲ್ಲಿ ಚಿನ್ನದ ಕೂದಲಿನ ಹುಡುಗಿಯೊಬ್ಬಳು ಇಲಿನಾಯ್ ತಂಡದ ಪರವಾಗಿ ಎಸೆಯುತ್ತಿದ್ದಳು. ನಾನು ಅವಳ ಕಡೆ ಕೈ ತೋರಿಸಿದೆ. ಅವಳು ನಮ್ಮವರ ಮನೆ ಸೊಸೆ, ಅದು ಬೇರೆ ಎಂದರು. ಹೌದು, ಬೇರೆಯೇ. ಬಿಳಿಯ ಸೊಸೆಗೆ ಹೋದ ವರ್ಷದ ಮದುವೆಯಲ್ಲೇ ಕರ್ನಾಟಕದ ಬೇರು ಬಿಟ್ಟಿತ್ತು. ಇನ್ನೊಂದು ತಂಡದಲ್ಲಿ ಇದ್ದ ಇಬ್ಬರು ಹೈದರಾಬಾದಿನವರು, ಬೆಂಗಳೂರಿನಲ್ಲಿ ಎರಡು ವರ್ಷ ಬಾಡಿಗೆಗಿದ್ದರು ಎಂಬ ಕಾರಣಕ್ಕೆ ಕನ್ನಡಿಗರಾಗಿದ್ದರು. ಅಡ್ಜಸ್ಟ್ ಎಲ್ಲರಿಗೂ ಆಗಿತ್ತು. ನಾನು ಹೇಳುವುದನ್ನೆಲ್ಲ ಹೇಳಿದೆ, ಬೇಡಿಕೊಂಡೆ, ಹಲ್ಲೂ ಕಿರಿದೆ. ಅಂಕಲ್ ನನ್ನ ತಲೆ ಸವರಿ, ಒಂದು ದಾರಿ ಇದೆ ಎಂದರು. ‘ಅವ್ರನ್ನ ಎಕ್ಸಿಬಿಷನ್ ಮ್ಯಾಚಲ್ಲಿ ಆಡ್ಸೋಣ, ಅದು ಪಂದ್ಯಾವಳಿ ಲೆಕ್ಕಕ್ಕೆ ಬರಲ್ಲ. ಚೀಫ್ ಗೆಸ್ಟ್ ಜೊತೆ ಬ್ಯಾನರ್ ಮುಂದೆ ಒಂದು ಫೋಟೋ. ಚೆನ್ನಾಗಿ ಬರತ್ತೆ.’

ಚೆನ್ನಾಗಿ ಬರುತ್ತಿತ್ತು, ಅದರಲ್ಲೇನೂ ಅನುಮಾನವಿಲ್ಲ. ಅಂಕಲ್‌ಗೆ ಅವಳ ಮುಖ ಬೇಕಾಗಿತ್ತು, ಕೈ ಬೇಡವಾಗಿತ್ತು.

ಕ್ಯಾಪ್ಟನ್ ಆದವಳು ತಂಡವನ್ನು ವಾಪಸು ಕರೆದುಕೊಂಡು ಹೋಗಬಹುದಿತ್ತು. ಅದಕ್ಕೆ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಪ್ರಭಾ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು, ‘ಇಷ್ಟು ದೂರ ಬಂದಿದೀವಿ ಕಣೇ. ಇದೊಂದ್ಸಲ’ ಎಂದಳು. ನಾನು ಡೆನೀಸ್ ಹತ್ತಿರ ಹೋದೆ. ಅವಳು ಶೂ ಲೇಸು ಕಟ್ಟುತ್ತಿದ್ದಳು. ನಿಯಮ, ಅಂಕಲ್, ಫೋಟೋ ಎಲ್ಲ ತೊದಲಿದೆ. ಪೂರ್ತಿ ಕೇಳಿಸಿಕೊಂಡು ಅವಳು ತನ್ನ ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದಳು.

‘ಈಗ ನೀನೇನು ಮಾಡ್ತೀಯ?’

‘ತಂಡದವರನ್ನ ಕೇಳಬೇಕು.’

‘ನಾನು ಕೇಳ್ತಿರೋದು ಕ್ಯಾಪ್ಟನ್‌ನ.’

ನಾನು ನೆಲ ನೋಡಿದೆ. ಆಡುತ್ತೇವೆ ಎಂದೆ. ಅವಳು ತಲೆಯಾಡಿಸಿ, ತಂಡದ ಅಂಗಿಯ ಮೇಲೆ ತನ್ನ ಜಾಕೆಟ್ ಹಾಕಿಕೊಂಡು ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡಳು. ಫೋಟೋಗೆ ಕರೆಯಲು ಬಂದ ಅಂಕಲ್‌ಗೆ ಮಂಡಿ ನೋವು ಎಂದು ನಗುತ್ತಲೇ ಹೇಳಿ ಕಳಿಸಿದಳು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಬೆಂಚುಗಳಲ್ಲಿ ಮೇಲಿನ ಸಾಲಿಗೆ ಹೋಗಿ ಕೂತಳು. ನಮ್ಮ ಒಂದೊಂದು ಒಳ್ಳೆಯ ಎಸೆತಕ್ಕೂ ಚಪ್ಪಾಳೆ ತಟ್ಟಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಟ್ರೋಫಿಯನ್ನು ನಾವೇ ಗೆದ್ದೆವು. ಅಂಕಲ್ ಅದನ್ನು ನನ್ನ ಕೈಗೆ ಕೊಟ್ಟಾಗ ಇಸಿದುಕೊಂಡು ಹಲ್ಲು ಬಿಟ್ಟೆ. ಆ ಫೋಟೋ ಈಗಲೂ ಸಂಘದ ವಾಟ್ಸಾಪಿನಲ್ಲಿದೆ. ಥೂ ನನ್ನ ಮುಖಕ್ಕೆ.

ವಾಪಸು ಬರುವಾಗ ವ್ಯಾನಿನಲ್ಲಿ ನನಗೆ ನಮ್ಮ ಕಾಲೇಜು ತಂಡದ ಜಯಮ್ಮ ನೆನಪಾದಳು. ಅವಳ ಎಸೆತದಿಂದಲೇ ನಾವು ಅಂತರ ಕಾಲೇಜು ಪಂದ್ಯ ಗೆದ್ದದ್ದು. ಸಂಭ್ರಮಕ್ಕೆಂದು ಎಲ್ಲರನ್ನೂ ಮನೆಗೆ ಕರೆದಿದ್ದೆ. ನಮ್ಮ ಅಜ್ಜಿ ಎಲ್ಲರಿಗೂ ಒಳಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಜಯಮ್ಮನ ಅಪ್ಪನ ಹೆಸರು ಕೇಳಿದ ಮೇಲೆ ಅವಳಿಗೆ ಹಿತ್ತಲ ಗೂಡಿನಿಂದ ಬೇರೆ ಲೋಟ ತಂದರು. ಜಯಮ್ಮ ಲೋಟ ನೋಡಿದಳು, ನನ್ನನ್ನೂ ನೋಡಿದಳು. ನಾನು ಪಂದ್ಯದ ಬಗ್ಗೆ ಜೋರಾಗಿ ಮಾತಾಡತೊಡಗಿದೆ. ಅಮೆರಿಕದ ಬಣ್ಣಭೇದದ ಮೇಲೆ ಮೂಗು ಮುರಿಯುತ್ತ ಈ ಬರಹ ಶುರು ಮಾಡಿದವಳು ಈ ನಾನೇ, ಗಮನಿಸಿ.

ಮಿಷಿಗನ್ ಗಡಿ ದಾಟಿದ ಮೇಲೆ ಕಾಫಿಗೆ ನಿಲ್ಲಿಸಿದೆವು. ಇನ್ನೂ ಬಿಸಿಲಿತ್ತು. ಉಳಿದವರು ಒಳಗೆ ಹೋದರು, ಡೆನೀಸ್ ಮತ್ತು ನಾನು ವ್ಯಾನಿಗೆ ಒರಗಿ ನಿಂತಿದ್ದೆವು. ಆ ನಿಯಮ ಫಾರಮಿನಲ್ಲಿ ಮೊದಲೇ ಇತ್ತೇ ಎಂದು ಅವಳು ಕೇಳಿದಳು. ಇತ್ತು ಎಂದೆ. ಓದಿದ್ದೆಯಾ ಎಂದಳು. ಓದಿದ್ದೆ ಎಂದೆ. ಅಡ್ಜಸ್ಟ್ ಎನ್ನುವುದನ್ನು ಅವಳಿಗೆ ವಿವರಿಸಲು ಹೋದೆ. ಇಂಗ್ಲಿಷಿನ ಪದವನ್ನೇ ಇಟ್ಟುಕೊಂಡು ನಾವು ಕಟ್ಟಿದ ಆ ಜೀವನಕ್ರಮವನ್ನು ಇಂಗ್ಲಿಷೇ ಮನೆಮಾತಾದವಳಿಗೆ ಹೇಳಲು ನನಗೆ ಆಗಲಿಲ್ಲ. ಅವರು ಏನಾದರೂ ಮಾಡಿಕೊಡುತ್ತಾರೆ ಅಂದುಕೊಂಡಿದ್ದೆ ಎಂದಷ್ಟೇ ಹೇಳಿದೆ.

‘ನನ್ನ ವಿಷಯದಲ್ಲಿ ಯಾರೂ ಹಾಗೆ ಮಾಡಿಕೊಡಲ್ಲ ಗೀತಾ’ ಎಂದಳು. ‘ಅದು ನಂಗೆ ಚಿಕ್ಕಂದಿನಿಂದ ಗೊತ್ತು. ನೀನು ಮೊದಲೇ ಹೇಳಿದ್ದಿದ್ರೆ, ಬರಬೇಕೋ ಬೇಡವೋ ಅಂತ ನಾನೇ ತೀರ್ಮಾನ ಮಾಡ್ತಿದ್ದೆ. ಅದನ್ನೂ ನೀನೇ ಇಟ್ಕೊಂಡೆ.’

ಕ್ಷಮಿಸು ಎಂದೆ. ಸರಿ ಎಂದಳು, ಕ್ಷಮಿಸಿದೆ ಎನ್ನಲಿಲ್ಲ.

ಮುಂದಿನ ಮಂಗಳವಾರ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಅಡುಗೆಮನೆಯಲ್ಲಿ ಎಂದಿನಂತೆ ಗುಡ್ ಮಾರ್ನಿಂಗ್, ಎಂದಿನಂತೆ ನನ್ನ ಪಾಲಿಗೆ ಹುರುಳಿಕಾಯಿ. ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ, ಅದೇ ನನಗೆ ಚುಚ್ಚುತ್ತಿತ್ತು. ಅವಳು ಯಾಕೆ ಬರುತ್ತಿಲ್ಲ ಎಂದು ತಂಡದ ವಾಟ್ಸಾಪಿನಲ್ಲಿ ಯಾರೋ ಕೇಳಿದರು. ಬಿಜಿ ಇರಬೇಕು ಎಂದು ಇನ್ಯಾರೋ ಬರೆದರು. ಮೂರು ಜನ ಅದಕ್ಕೆ ಹೆಬ್ಬೆರಳು ಎತ್ತಿದರು. ನಿಯಮ ತೆಗೆಯಿರಿ, ಇಲ್ಲದಿದ್ದರೆ ನಮ್ಮ ತಂಡ ಬರುವುದಿಲ್ಲ ಎಂದು ನಾನು ಅಂಕಲ್‌ಗೆ ಉದ್ದನೆಯ ಪತ್ರ ಬರೆದೆ. ಬರೆದದ್ದು ಯಾವಾಗ? ಟ್ರೋಫಿ ಮನೆಗೆ ಬಂದು ನಾಲ್ಕು ವಾರವಾದ ಮೇಲೆ. ಶೌರ್ಯ ನಮಗೆ ಯಾವಾಗಲೂ ಹೀಗೇ ಅಂಚೆಯಲ್ಲಿ ಬರುತ್ತದೆ. ಅಂಕಲ್ ಕೈಮುಗಿದ ಚಿತ್ರವೊಂದನ್ನು ಉತ್ತರವಾಗಿ ಕಳಿಸಿದರು.

ಗುರುವಾರ ಸಂಜೆ ಡೆನೀಸ್ ತನ್ನ ಚರ್ಚಿನ ಹಾಲಿನಲ್ಲಿ ವಾಲಿಬಾಲ್ ಆಡುತ್ತಾಳೆಂದು ಗೊತ್ತಿತ್ತು. ಬೇಸಗೆ ರಜೆಗೆ ಶಾಲೆ ಮುಚ್ಚುವ ವಾರ, ಟ್ರೇ ತೊಳೆಯುತ್ತ, ನಾನು ಬರಬಹುದೇ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಟ್ರೇ ಒರೆಸಿ ಇಟ್ಟು, ಅಲ್ಲಿಗೆ ಯಾರು ಬೇಕಾದರೂ ಬರಬಹುದು ಎಂದಳು. ಬಾ ಎನ್ನಲಿಲ್ಲ.

ಈಗ ವಾರದಲ್ಲಿ ಎರಡು ದಿನ ಆಡುತ್ತೇನೆ. ಮಂಗಳವಾರ ಲಿವೋನಿಯಾದಲ್ಲಿ ನಮ್ಮವರ ನಡುವೆ. ಅಲ್ಲಿ ಒಬ್ಬರ ಮಾತು ಇನ್ನೊಬ್ಬರು ಮುಗಿಸುತ್ತಾರೆ, ಆಟವಾದ ಮೇಲೆ ಚುರುಮುರಿ ಇರುತ್ತದೆ, ಕ್ಯಾಪ್ಟನ್ ಬೇರೆಯವರಾಗಲಿ ಎಂದು ನಾನು ಬಿಟ್ಟುಕೊಟ್ಟದ್ದಕ್ಕೆ ಯಾರಿಗೂ ಕಾರಣ ಬೇಕಿಲ್ಲ. ಕೂಗಿ ನಗುವಾಗ ನನಗೆ ಡೆನೀಸ್ ನಿಲ್ಲುತ್ತಿದ್ದ ಖಾಲಿ ಜಾಗ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ, ಹಾಗಾಗಿ ಪೂರ್ತಿ ಅವರವಳಾಗಲು ಆಗುತ್ತಿಲ್ಲ. ಗುರುವಾರ ಟೆಲಿಗ್ರಾಫ್ ರಸ್ತೆ ದಾಟಿ ಹೋಗುತ್ತೇನೆ. ಅಲ್ಲಿನವಳಂತೂ ಅಲ್ಲವೇ ಅಲ್ಲ. ಪ್ರಭಾಗೆ ಇನ್ನೂ ಹೇಳಿಲ್ಲ. ಹೇಳದಿರುವ ಚಟ ಅಷ್ಟು ಬೇಗ ಬಿಡುತ್ತದೆಯೇ.

ಮೊದಲ ಗುರುವಾರ ಹೋದಾಗ ಬಾಗಿಲ ಬಳಿ ಪುಟ್ಟ ಮೇಜು ಹಾಕಿಕೊಂಡು ಲೊರೆಟಾ ಎಂಬ ಹಿರಿಯ ಹೆಂಗಸು ಕೂತಿದ್ದರು, ಕತ್ತಿನಲ್ಲಿ ಪೀಪಿ, ಮುಂದೆ ಹೆಸರು ಬರೆಯುವ ಪುಸ್ತಕ. ಹೆಸರು ಕೇಳಿದರು, ಹೇಳಿದೆ, ಬರೆದುಕೊಂಡರು. ಬೇರೆ ಯಾವ ಕಾಲಮ್ಮೂ ಆ ಪುಸ್ತಕದಲ್ಲಿರಲಿಲ್ಲ. ಅಷ್ಟರಲ್ಲಿ ಡೆನೀಸ್ ಒಳಗಿನಿಂದ ಬಂದಳು. ಲೊರೆಟಾ ತಲೆಯೆತ್ತಿ, ಇವರು ನಿನ್ನ ಫ್ರೆಂಡಾ ಎಂದು ಸಹಜವಾಗಿ ಕೇಳಿದರು.

ಡೆನೀಸ್ ನನ್ನ ಕಡೆ ಸ್ವಲ್ಪ ಹೊತ್ತು ನೋಡಿದಳು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಏನೆಲ್ಲ ಆಸೆಪಟ್ಟೆನೆಂದು ಬರೆಯಲು ನಾಚಿಕೆಯಾಗುತ್ತದೆ.

‘ನಮ್ಮ ಕಿಚನ್‌ನಲ್ಲಿ ಕೆಲಸ ಮಾಡ್ತಾರೆ’ ಎಂದಳು. ‘ಚೆನ್ನಾಗಿ ಆಡ್ತಾರೆ. ಹಿಂದಿನ ಸಾಲಿಗೆ ಹಾಕಿ.’

ಲೊರೆಟಾ ಅದನ್ನೂ ಬರೆದುಕೊಂಡರು. ನಾನು ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ.